ಮ್ಯಾಪ್ ಆಮೇಲೆ, ಮೊದಲು ಪ್ರದೇಶಗಳ ಪಟ್ಟಿ

ಪ್ರದೇಶವಾರು ಆದಾಯ, ಉತ್ಪಾದನೆ, ಉದ್ಯೋಗದ ಅಂಕಿಅಂಶಗಳನ್ನು ಯಾರು ಬೇಕಾದರೂ ತೆಗೆದು ನೋಡುವಂಥ ಸೈಟ್ ಮಾಡುತ್ತಿದ್ದೀರಿ. ಮ್ಯಾಪ್‌ನಿಂದ ಶುರು ಮಾಡಲೋ ಡೇಟಾಬೇಸ್‌ನಿಂದಲೋ ಎಂದು ಕೇಳಿದ್ದೀರಿ. ಇಂಥದ್ದೇ ಒಂದು ಕೆಲಸದಲ್ಲಿ ಕೈ ಸುಟ್ಟುಕೊಂಡವನು ನಾನು. ಮ್ಯಾಪ್ ಪಕ್ಕಕ್ಕಿಡಿ. ಪ್ರದೇಶಗಳ ಪಟ್ಟಿ ಸರಿಮಾಡಿಕೊಳ್ಳಿ.

ಯಾಕಂದ್ರೆ ಗಡಿಗಳು ಇದ್ದ ಹಾಗೇ ಇರುವುದಿಲ್ಲ. ಒಂದು ಜಿಲ್ಲೆ ಒಡೆದು ಎರಡಾಗುತ್ತದೆ, ಹಳೇ ಹೆಸರು ಒಂದಕ್ಕೆ ಉಳಿಯುತ್ತದೆ. ನಾವು ಬರೀ ಹೆಸರು ನಂಬಿ ಹತ್ತು ವರ್ಷದ ಗ್ರಾಫ್ ಎಳೆದೆವು. ಒಂದು ಜಿಲ್ಲೆಯ ಉತ್ಪಾದನೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿದಂತೆ ಕಂಡಿತು! ಆರ್ಥಿಕತೆ ಕುಸಿದಿರಲಿಲ್ಲ, ಜಿಲ್ಲೆ ಚಿಕ್ಕದಾಗಿತ್ತು ಅಷ್ಟೇ. ಒಡೆದ ಎರಡನ್ನು ಕೂಡಿದರೆ ಹಳೆಯದು ಸಿಗುತ್ತದೆ, ಅದು ಸುಲಭ. ಆದರೆ ಅಮೆರಿಕದ ಕನೆಕ್ಟಿಕಟ್ ರಾಜ್ಯ ನೋಡಿ. ಅಲ್ಲಿ 8 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಬದಲು 9 ಯೋಜನಾ ಪ್ರದೇಶಗಳನ್ನು ಜನಗಣತಿ ಸಂಸ್ಥೆ 2022ರಲ್ಲಿ ಒಪ್ಪಿಕೊಂಡಿತು. ಹೊಸ ಗಡಿಗಳು ಹಳೇ ಗಡಿಗಳ ಮೇಲೆ ಕೂರುವುದಿಲ್ಲ. ಅಲ್ಲಿ ಅಂದಾಜು ಮಾಡಲೇಬೇಕು, ಇದು ಅಂದಾಜು ಎಂದು ಬರೆಯಲೂಬೇಕು. ಹಾಗಾಗಿ ಪ್ರತಿ ಪ್ರದೇಶಕ್ಕೂ ಒಂದು ಗುರುತಿನ ಕೋಡ್, ಅದು ಯಾವಾಗಿಂದ ಯಾವಾಗಿನವರೆಗೆ ಜಾರಿಯಲ್ಲಿತ್ತು, ಯಾವುದರಿಂದ ಬಂತು, ಇಷ್ಟೂ ಇರಲಿ.

ಕೋಡನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ (ಟೆಕ್ಸ್ಟ್ ಆಗಿ) ಉಳಿಸಿ. ಅಮೆರಿಕದ ಅಲಬಾಮ ರಾಜ್ಯದ ಕೋಡ್ 01. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ) ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ನೆ ತೆರೆದರೂ ಸಾಕು, ಆ ಸೊನ್ನೆ ಮಾಯ.

ಇನ್ನೊಂದು, ಟೇಬಲ್‌ನಲ್ಲಿನ ಖಾಲಿ ಜಾಗ. ಒಂದು ಪ್ರದೇಶದಲ್ಲಿ ಒಂದೋ ಎರಡೋ ಕಾರ್ಖಾನೆ ಇದ್ದರೆ ಅವುಗಳ ಗುಟ್ಟು ಬಯಲಾಗಬಾರದೆಂದು ಅಂಕಿಅಂಶ ಸಂಸ್ಥೆಗಳು ಸಂಖ್ಯೆಯನ್ನು ಮುಚ್ಚಿಡುತ್ತವೆ. ಅದು ಸೊನ್ನೆಯೂ ಅಲ್ಲ, 'ಮಾಹಿತಿ ಇಲ್ಲ'ವೂ ಅಲ್ಲ. ಮೂರಕ್ಕೂ ಬೇರೆ ಬೇರೆ ಗುರುತು ಕೊಡಿ. ಒಟ್ಟು ಮೊತ್ತದಿಂದ ಉಳಿದವನ್ನು ಕಳೆದರೆ ಮುಚ್ಚಿಟ್ಟದ್ದು ಹೊರಬೀಳುವಂತೆಯೂ ಇರಬಾರದು.

ಪ್ರಕಟವಾದ ಅಂಕಿಗಳನ್ನು ಆಮೇಲೆ ತಿದ್ದುವುದು ಮಾಮೂಲು. ಹಳೆಯದನ್ನು ಅಳಿಸಿ ಹೊಸದು ಬರೆಯಬೇಡಿ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಆರ್ಥಿಕ ಅಂಕಿಅಂಶಗಳ ಸೈಟ್ 'ಫ್ರೆಡ್' ಗೊತ್ತಿರಬಹುದು. ಅದರ ಜೊತೆಗಿರುವ 'ಆಲ್‌ಫ್ರೆಡ್'ನಲ್ಲಿ ಹಿಂದಿನ ಒಂದು ದಿನ ಯಾವ ಅಂಕಿ ಪ್ರಕಟವಾಗಿತ್ತೋ ಅದನ್ನೇ ತೆಗೆಯಬಹುದು. ಅಷ್ಟು ದೊಡ್ಡದು ಬೇಡ, ಪ್ರಕಟಣೆಯ ದಿನಾಂಕಕ್ಕೆ ಮೊದಲ ದಿನದಿಂದಲೇ ಒಂದು ಕಾಲಂ ಇಟ್ಟರೆ ಸಾಕು.

ತಲಾ ಉತ್ಪಾದನೆ ತೋರಿಸುವಾಗ ಮಾತ್ರ ಹುಷಾರು. ಉತ್ಪಾದನೆ ಲೆಕ್ಕಕ್ಕೆ ಬರುವುದು ಕೆಲಸ ನಡೆಯುವ ಕಡೆ, ತಲೆ ಎಣಿಸುವುದು ಮಲಗುವ ಕಡೆ. ಹೊರಗಿಂದ ಬಂದು ದುಡಿಯುವವರು ಜಾಸ್ತಿ ಇರುವ ನಗರ ಸುಮ್ಮನೆ ಸಿರಿವಂತವಾಗಿ ಕಾಣುತ್ತದೆ. ಆ ಸಂಖ್ಯೆಯ ಪಕ್ಕದಲ್ಲೇ ಒಂದು ಸಾಲು ವಿವರಣೆ ಹಾಕಿ. ಬೇರೆ ಪುಟದಲ್ಲಿಟ್ಟರೆ ಯಾರೂ ಓದುವುದಿಲ್ಲ.

ಪರದೆಗೆ ಸದ್ಯಕ್ಕೆ ಒಂದು ಹುಡುಕುವ ಪೆಟ್ಟಿಗೆ, ಒಂದು ಟೇಬಲ್, ಒಂದು ಡೌನ್‌ಲೋಡ್ ಬಟನ್ ಸಾಕು. ಫ್ರೆಡ್ ಕೂಡ 1991ರಲ್ಲಿ ಮೋಡೆಮ್‌ನಿಂದ ಫೋನ್ ಲೈನಿನಲ್ಲಿ ಡಯಲ್ ಮಾಡಿ ನೋಡುವ ಬುಲೆಟಿನ್ ಬೋರ್ಡ್ ಆಗಿ ಶುರುವಾದದ್ದು.

ಅಂದಹಾಗೆ, ನಿಮಗೆ ಸಿಗುವ ಮೂಲ ಫೈಲ್‌ಗಳಲ್ಲಿ ಕೋಡ್ ಇದೆಯಾ, ಬರೀ ಹೆಸರಾ? ಹೆಸರು ಮಾತ್ರ ಇದ್ದರೆ ಒಂದೆರಡು ಸಾಲು ಇಲ್ಲಿ ಹಾಕಿ, ಹೊಂದಿಸುವುದು ಹೇಗೆ ಅಂತ ಹೇಳುತ್ತೇನೆ.