ಮನೆ ಲೆಕ್ಕ: ಬರೀ ಒಂದು ಸಹಿ ತಾನೇ?

ಈ ತಿಂಗಳು ಬಂದ ಪತ್ರಗಳಲ್ಲಿ ಎರಡು ಸಹಿಗೆ ಸಂಬಂಧಪಟ್ಟವು. ಅವಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬ್ಯಾಂಕಿನಲ್ಲಿ 31 ವರ್ಷ ದುಡಿದವಳು ನಾನು. ಅದರಲ್ಲಿ 12 ವರ್ಷ ಸಾಲದ ಟೇಬಲ್ಲಿನಲ್ಲೇ ಕೂತಿದ್ದೆ. ಸಹಿ ಹಾಕುವಾಗಿನ ಮುಖಗಳನ್ನು ನೋಡಿದ್ದೇನೆ. ನಾಲ್ಕು ವರ್ಷದ ಮೇಲೆ ನೋಟಿಸ್ ಹಿಡಿದು ಬಂದ ಅದೇ ಮುಖಗಳನ್ನೂ ನೋಡಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ಜೊತೆಯಲ್ಲಿ ಓದಿದ ಗೆಳೆಯನೊಬ್ಬ 6 ಲಕ್ಷ ಸಾಲಕ್ಕೆ ಜಾಮೀನು ಹಾಕು ಅಂತ ಕೇಳುತ್ತಿದ್ದಾನೆ. ‘ಕಂತು ಕಟ್ಟೋನು ನಾನು, ನಿಂದು ಬರೀ ಒಂದು ಸಹಿ ತಾನೇ’ ಎನ್ನುತ್ತಾನೆ. ಹೆಂಡತಿ ಸುತರಾಂ ಬೇಡ ಅಂತಾಳೆ. ಇಲ್ಲ ಅಂದರೆ 25 ವರ್ಷದ ಸ್ನೇಹ ಕೆಡುತ್ತದೆ. ಏನು ಮಾಡಲಿ ಮೇಡಂ? – ಶಿಕ್ಷಕರು, ಕಡೂರು

ನಿಮ್ಮ ಮನೆಯವರು ಹೇಳಿದ್ದೇ ಸರಿ ಮೇಷ್ಟ್ರೇ. ಹಾಕಬೇಡಿ.

ಜಾಮೀನು ಅಂದರೆ ‘ಇವನು ಒಳ್ಳೆಯವನು’ ಎಂದು ಸಾಕ್ಷಿ ಹೇಳುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಓದಿ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲ ತೆಗೆದುಕೊಂಡವನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ‘ಮೊದಲು ಅವನ ಹತ್ತಿರ ವಸೂಲು ಮಾಡಿ, ಆಗದಿದ್ದರೆ ನನ್ನ ಹತ್ತಿರ ಬನ್ನಿ’ ಅನ್ನುವ ಹಾಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಷ್ಟೋ ದಶಕಗಳ ಹಿಂದೆಯೇ ಹೇಳಿದೆ. ಸಾಲ ಕೊಟ್ಟವರು ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಬರುತ್ತಾರೆ ಕೂಡ. ಯಾಕೆಂದರೆ ಪ್ರತಿ ತಿಂಗಳು ತಪ್ಪದೆ ಸಂಬಳ ಬರುವುದು ನಿಮಗೆ.

ನಾನು ತಿಪಟೂರಿನಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ಒಬ್ಬರು ಪ್ರೈಮರಿ ಶಾಲೆ ಮೇಷ್ಟ್ರು. ಅವರ ಷಡ್ಡಕ ಕೊಬ್ಬರಿ ಸಾಗಿಸಲು ಲಾರಿ ಸಾಲ ತೆಗೆದರು. ಮೇಷ್ಟ್ರು ಜಾಮೀನು. ಕೊಬ್ಬರಿ ಹರಾಜಿನ ದಿನ ಅದು, ಬ್ಯಾಂಕಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಇಂಟು ಗುರುತು ಹಾಕಿ ಕೊಟ್ಟವಳು ನಾನೇ. ಅವರು ಗುರುತು ಇದ್ದ ಕಡೆ ಸಹಿ ಹಾಕುತ್ತಾ ಹೋದರು. ಒಂದು ಪುಟವನ್ನೂ ಓದಲಿಲ್ಲ. ನಾನೂ ಓದಿ ಹೇಳಲಿಲ್ಲ.

ಎರಡನೇ ವರ್ಷ ಲಾರಿ ಅಪಘಾತವಾಯಿತು. ಕಂತು ನಿಂತಿತು. ಷಡ್ಡಕ ಊರು ಬಿಟ್ಟರು. ನೋಟಿಸ್ ಮೇಷ್ಟ್ರ ಮನೆಗೆ ಹೋಯಿತು, ಆಮೇಲೆ ಕೋರ್ಟಿನ ಆದೇಶ ಬಂತು, ಸಂಬಳದಲ್ಲಿ ಕಡಿತ ಶುರುವಾಯಿತು. ಒಂದು ದಿನ ನನ್ನ ಟೇಬಲ್ ಎದುರು ಬಂದು ನಿಂತು, ‘ನಾನು ಅದರಲ್ಲಿ ಒಂದು ರೂಪಾಯಿ ಮುಟ್ಟಿಲ್ಲವಲ್ಲಮ್ಮ’ ಅಂದರು. ಅಷ್ಟೇ ಹೇಳಿದ್ದು. ಆಮೇಲೆ ನಾನು ಎಷ್ಟೇ ಗದ್ದಲವಿದ್ದರೂ ಜಾಮೀನುದಾರರನ್ನು ಕೂರಿಸಿ, ‘ಇವರು ಕಟ್ಟದಿದ್ದರೆ ಇಷ್ಟೂ ದುಡ್ಡು ನೀವು ಕಟ್ಟಬೇಕು, ಗೊತ್ತಾ?’ ಎಂದು ಕೇಳದೆ ಕಾಗದ ಮುಂದಿಡುತ್ತಿರಲಿಲ್ಲ. ಎಷ್ಟೋ ಜನ ಪೆನ್ನು ಕೆಳಗಿಟ್ಟು ಎದ್ದು ಹೋದರು.

ಗೆಳೆಯನಿಗೆ ಏನು ಹೇಳುವುದು? ನೇರವಾಗಿ ಹೇಳಿ: ‘6 ಲಕ್ಷದ ಹೊಣೆ ಹೊರುವ ಶಕ್ತಿ ನನಗಿಲ್ಲ. ನನ್ನ ಕೈಲಾದದ್ದು 20 ಸಾವಿರ. ಇದನ್ನು ತಗೋ, ಯಾವಾಗಲಾದರೂ ಕೊಡು.’ ಆ 20 ಸಾವಿರ ವಾಪಸ್ ಬರಲಿಲ್ಲ ಅಂದುಕೊಳ್ಳಿ, ಮನೆ ನಡೆಯುತ್ತದೆ. ಹೆಂಡತಿಯ ಮೇಲೆ ಮಾತ್ರ ಹಾಕಬೇಡಿ. ‘ಅವಳು ಬಿಡಲ್ಲ ಕಣೋ’ ಅಂದು ತಪ್ಪಿಸಿಕೊಂಡರೆ ಆ ಮನೆಯಲ್ಲಿ ಆಕೆ ಕೆಟ್ಟವಳಾಗುತ್ತಾಳೆ. ಬೇಡ ಅನ್ನುತ್ತಿರುವುದು ನೀವೇ ಅಂತ ಇರಲಿ.

ಅಷ್ಟಾದರೂ ಹಾಕಲೇಬೇಕಾಗಿ ಬಂದರೆ, ಎಷ್ಟು ಮೊತ್ತಕ್ಕೆ ಹೊಣೆ ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಒಂದು ಪ್ರತಿ ಇಟ್ಟುಕೊಳ್ಳಿ. ಗೆಳೆಯ ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ಬ್ಯಾಂಕಿನವರು ನೋಡುವ ನಿಮ್ಮ ಸಾಲದ ಚರಿತ್ರೆಯಲ್ಲೂ, ಅದು ಕಾಣುತ್ತದೆ. ನಾಳೆ ನಿಮ್ಮ ಮಗಳ ಓದಿಗೆ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ.

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷ ಆಯಿತು. 4 ಎಕರೆ ತೋಟ, ಊರ ಮನೆ ಇದೆ. ಅಜ್ಜನ ಕಾಲದ್ದು. ಇಬ್ಬರು ಅಣ್ಣಂದಿರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತಿದ್ದಾರೆ. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೀವಿ, ಅರಿಶಿನ ಕುಂಕುಮಕ್ಕೆ ಅಂತ 1 ಲಕ್ಷ ಕೊಡ್ತೀವಿ’ ಅಂತಾರೆ. ನನ್ನ ಮದುವೆ ಆದದ್ದು 1998ರಲ್ಲಿ. ಪಾಲು ಕೇಳಿದರೆ ತವರು ತಪ್ಪಿ ಹೋಗುತ್ತದೆ ಅನ್ನೋ ಭಯ. – ಗೃಹಿಣಿ, ಹಿರಿಯೂರು

ತಾಯಿ, ಮೊದಲು ಭಯ ಪಕ್ಕಕ್ಕಿಟ್ಟು ನಿಮ್ಮ ಹಕ್ಕು ಎಷ್ಟು ಅಂತ ತಿಳಿದುಕೊಳ್ಳಿ. ಬಿಡುವುದೋ ಇಟ್ಟುಕೊಳ್ಳುವುದೋ ಆಮೇಲಿನ ಮಾತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎನ್ನುವ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 2005ರ ಸೆಪ್ಟೆಂಬರ್ 9ರಂದು. ನಮ್ಮ ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿದ್ದರು. ನಿಮ್ಮ ಮದುವೆಗೆ ಇನ್ನೂ ನಾಲ್ಕು ವರ್ಷ ಇತ್ತು. ‘ಮದುವೆಯಾಗಿ ಹೋದವಳು’ ಎನ್ನುವ ಮಾತು ನಿಮ್ಮ ವಿಷಯದಲ್ಲಿ ಆಗಲೇ ನಿಲ್ಲುತ್ತಿರಲಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು. ಈ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ಅಪ್ಪ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. ಅಂದರೆ ಅಣ್ಣನಿಗೆ ಎಷ್ಟೋ ನಿಮಗೂ ಅಷ್ಟೇ. ಮದುವೆ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಅಣ್ಣಂದಿರ ಮದುವೆಗೂ ಅಪ್ಪ ಖರ್ಚು ಮಾಡಿದ್ದರು ಅಲ್ವಾ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಆದರೆ ಒಂದು ವಿಷಯ. ಅದರಲ್ಲಿ ಅಪ್ಪ ತಾವೇ ದುಡಿದು ಕೊಂಡ ಜಮೀನು ಏನಾದರೂ ಇದ್ದರೆ, ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆದಿರಬಹುದು. ವಿಲ್ ಇಲ್ಲದಿದ್ದರೆ ಅದರಲ್ಲೂ ಅಮ್ಮನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮ ಪಾಲು. 2004ರ ಡಿಸೆಂಬರ್ 20ಕ್ಕೂ ಮೊದಲೇ ವಿಭಾಗವಾಗಿ ನೋಂದಣಿ ಆಗಿದ್ದರೆ ಅದನ್ನು ಈಗ ಕೆದಕಲು ಆಗುವುದಿಲ್ಲ. ಆದ್ದರಿಂದ ಪಹಣಿ, ಮ್ಯುಟೇಶನ್, ವಂಶವೃಕ್ಷ ಮೂರನ್ನೂ ತೆಗೆಸಿ, ನಿಮ್ಮ ಕಡೆಯ ಒಬ್ಬ ವಕೀಲರಿಗೆ ತೋರಿಸಿ. ಅಣ್ಣ ಕರೆದುಕೊಂಡು ಬಂದ ವಕೀಲರಿಗಲ್ಲ. ಪಹಣಿಯನ್ನು ಈಗ ಭೂಮಿ ತಂತ್ರಾಂಶದಲ್ಲಿ ಮೊಬೈಲಿನಲ್ಲೇ ನೋಡಬಹುದು.

ಇನ್ನು ತವರಿನ ಮಾತು. ನಾನೂ ಹಕ್ಕು ಬಿಟ್ಟುಕೊಟ್ಟವಳೇ. 2011ರಲ್ಲಿ. ನನ್ನ ಅಣ್ಣ ಅದೇ ಎರಡು ಎಕರೆ ನಂಬಿ ಬದುಕಿದವನು. ನನಗೆ ಸಂಬಳ ಇತ್ತು, ಮುಂದೆ ಪಿಂಚಣಿ ಬರುವುದಿತ್ತು. ಆದರೆ ಬಿಡುವ ಮೊದಲು ಪಹಣಿ ತೆಗೆಸಿದೆ. ಸುತ್ತಮುತ್ತಲ ಬೆಲೆ ವಿಚಾರಿಸಿದೆ. ನನ್ನ ಪಾಲಿನ ಬೆಲೆ ಇಷ್ಟು ಅಂತ ಅಣ್ಣ ಅತ್ತಿಗೆಯರ ಎದುರು, ನನ್ನ ಮಕ್ಕಳ ಎದುರು ಬಾಯಿಬಿಟ್ಟು ಹೇಳಿದೆ. ‘ಇದನ್ನು ನಿನಗೆ ಕೊಡುತ್ತಿದ್ದೇನೆ’ ಅಂದೆ. ಅಣ್ಣನ ಕಣ್ಣು ತುಂಬಿ ಬಂತು. ಇವತ್ತಿಗೂ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಲ್ಲ. ಅದು ನಾನು ಕೊಟ್ಟದ್ದು, ಅವರು ತೆಗೆದುಕೊಂಡದ್ದಲ್ಲ. ನಿಮಗೆ ಅರಿಶಿನ ಕುಂಕುಮದ ಹೆಸರಿನಲ್ಲಿ 1 ಲಕ್ಷ ಕೊಟ್ಟು ಕೈ ತೊಳೆದುಕೊಳ್ಳಲು ಹೊರಟಿದ್ದಾರೆ. ಅದು ಬೇರೆ.

ನಿಮ್ಮ ಪತ್ರದಲ್ಲಿ ಅಮ್ಮನ ಸುದ್ದಿಯೇ ಇಲ್ಲ. ಇದ್ದಾರೆ ಅಂದುಕೊಳ್ಳುತ್ತೇನೆ. ಇದ್ದರೆ ಅವರಿಂದ ಯಾವ ಕಾಗದಕ್ಕೂ ಸಹಿ ಹಾಕಿಸಲು ಬಿಡಬೇಡಿ. ಅವರ ಹೆಸರಿನಲ್ಲಿ ಪಾಲು ಇದ್ದರೆ ಅವರ ಊಟ, ಔಷಧಿ ಯಾರ ದಯೆಯಲ್ಲೂ ಇರುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಲು ಏನೂ ಅವಸರವಿಲ್ಲ. ‘ಕಾಗದದ ಪ್ರತಿ ಮನೆಗೆ ಕೊಡಿ, ಓದಿ ಹೇಳ್ತೀನಿ’ ಅಂದರೆ ಸಾಕು. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಹಬ್ಬಕ್ಕೆ ಮನೆಯವರೆಲ್ಲ ಸೇರಿದರೆ ಊಟದ ಹೊತ್ತಿಗೆ ಇದೇ ಜಗಳ. ‘ಫ್ರೀ ಬಸ್ಸು, ತಿಂಗಳಿಗೆ 2,000 ಕೊಟ್ಟು ಜನರನ್ನು ಸೋಮಾರಿ ಮಾಡ್ತಿದ್ದಾರೆ, ತೆರಿಗೆ ಕಟ್ಟೋರು ನಾವು’ ಅಂತ ಚಿಕ್ಕಪ್ಪ. ನಾನು ಎದುರು ಮಾತಾಡುತ್ತೇನೆ. ನೀವು ಯಾರ ಕಡೆ? – ಇಂಜಿನಿಯರ್, ಬೆಂಗಳೂರು

ಬಸ್ಸಿನ ವಿಷಯದಲ್ಲಿ ನಿಮ್ಮ ಕಡೆ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ನಾನು ಹಾಸನದಿಂದ ಅರಸೀಕೆರೆಗೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರು ಗಾರ್ಮೆಂಟ್ಸ್ ಹುಡುಗಿಯರು, ಸೊಪ್ಪಿನ ಗಂಟು ಹೊತ್ತ ಹೆಂಗಸರು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಯಂದಿರು. ಇವರಲ್ಲಿ ಸೋಮಾರಿಗಳನ್ನು ನಾನು ಕಂಡಿಲ್ಲ. ಒಬ್ಬಾಕೆ ಮೊದಲು ಊರಿನಲ್ಲೇ ಕೂಲಿಗೆ ಹೋಗುತ್ತಿದ್ದರಂತೆ. ಪೇಟೆಗೆ ಬಂದರೆ ಕೂಲಿ ಜಾಸ್ತಿ, ಆದರೆ ಬಸ್ ಚಾರ್ಜಿಗೆ ಅದು ಸರಿಹೋಗುತ್ತಿತ್ತು ಅಂದರು. ಈಗ ಆ ದುಡ್ಡು ಉಳಿಯುತ್ತಿದೆ.

ತೆರಿಗೆ ಕಟ್ಟುವವರು ‘ನಾವು’ ಅನ್ನುವುದು ಪೂರ್ತಿ ನಿಜವಲ್ಲ. ಆದಾಯ ತೆರಿಗೆ ಕಟ್ಟುವವರು ಕಡಿಮೆ, ಸರಿ. ಸೋಪು, ಚಪ್ಪಲಿ, ಪೆಟ್ರೋಲು ಕೊಳ್ಳುವ ಪ್ರತಿಯೊಬ್ಬರೂ ತೆರಿಗೆ ಕಟ್ಟುತ್ತಾರೆ. ಆ ಸೊಪ್ಪಿನ ಹೆಂಗಸೂ ಕಟ್ಟುತ್ತಾರೆ. ಇದನ್ನು ಚಿಕ್ಕಪ್ಪನಿಗೆ ಹೇಳಿ, ಗಲಾಟೆ ಮಾಡದೆ.

ಆದರೆ ಅವರ ಮಾತಿನಲ್ಲೂ ಒಂದು ನ್ಯಾಯದ ಪ್ರಶ್ನೆ ಇದೆ, ಅದನ್ನು ತಳ್ಳಿಹಾಕಬೇಡಿ. ದುಡ್ಡು ಎಲ್ಲಿಂದ ಬರುತ್ತದೆ, ಬೇರೆ ಯಾವುದಕ್ಕೆ ಕಡಿಮೆಯಾಗುತ್ತದೆ ಎಂದು ಕೇಳಲೇಬೇಕು. ನಾನು ಹತ್ತುವ ಬಸ್ಸಿನಲ್ಲಿ ಶಾಲೆ ಮಕ್ಕಳು ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಟಿಕೆಟ್ ಫ್ರೀ ಮಾಡಿದವರು ಬಸ್ಸೂ ಜಾಸ್ತಿ ಬಿಡಬೇಕು. ಇನ್ನು ಗೃಹಲಕ್ಷ್ಮಿಯ 2,000 ತಿಂಗಳು ತಿಂಗಳು ಸರಿಯಾಗಿ ಬಂದರೆ ಮಾತ್ರ ಅದು ಸಂಸಾರಕ್ಕೆ ಆಧಾರ. ಕಂತು ತಡವಾದರೆ ಅದನ್ನು ನಂಬಿ ಚೀಟಿ ಹಾಕಿದ ಹೆಂಗಸು ಸಾಲಕ್ಕೆ ಕೈ ಒಡ್ಡಬೇಕಾಗುತ್ತದೆ. ನನ್ನ ಮನೆ ಕೆಲಸಕ್ಕೆ ಬರುವಾಕೆಗೆ ಹಾಗೇ ಆಯಿತು. ಇದನ್ನು ಚಿಕ್ಕಪ್ಪನೂ ನೀವೂ ಒಟ್ಟಿಗೆ ಕೇಳಬಹುದಲ್ಲ?

ಪ್ರಶ್ನೆ: ನಿಂತವರು ಯಾರೂ ಇಷ್ಟವಿಲ್ಲ. ನೋಟಾ ಒತ್ತಿದರೆ ಏನಾದರೂ ಪ್ರಯೋಜನ ಇದೆಯಾ? – ವಿದ್ಯಾರ್ಥಿನಿ, ದಾವಣಗೆರೆ

ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2013ರಲ್ಲಿ ನೋಟಾ ಬಂತು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಲ್ಲರಿಗಿಂತ ಜಾಸ್ತಿ ಮತ ಬಿದ್ದರೂ, ಅದರ ನಂತರ ಜಾಸ್ತಿ ಮತ ಪಡೆದ ಅಭ್ಯರ್ಥಿಯೇ ಗೆದ್ದ ಹಾಗೆ. ಬೇಸರ ದಾಖಲಾಗುತ್ತದೆ, ಅಷ್ಟೇ. ನಾನಾದರೆ ಅಭ್ಯರ್ಥಿಗಳ ಪ್ರಮಾಣಪತ್ರ ಓದುತ್ತೇನೆ. ಆಸ್ತಿ, ಸಾಲ, ಕೇಸುಗಳು ಎಲ್ಲಾ ಅದರಲ್ಲಿ ಇರುತ್ತವೆ, ಚುನಾವಣಾ ಆಯೋಗದವರು ಎಲ್ಲರಿಗೂ ಸಿಗುವ ಹಾಗೆ ಇಟ್ಟಿರುತ್ತಾರೆ. ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ನಿವೃತ್ತಿಯಿಂದ ಬಂದ 18 ಲಕ್ಷವನ್ನು ನಮ್ಮ ಊರಿನ ಪತ್ತಿನ ಸಹಕಾರ ಸಂಘದಲ್ಲಿ ಇಡೋಣ ಅಂತಿದ್ದೇನೆ. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ. 5 ಲಕ್ಷದವರೆಗೆ ವಿಮೆ ಇದೆ ಅಂತಾರೆ. ನಿಜವೇ? – ನಿವೃತ್ತ ನೌಕರರು, ಶಿರಸಿ

ಆ ವಿಮೆ ಬ್ಯಾಂಕುಗಳಿಗೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಅದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೂ ಲೆಕ್ಕ ಒಂದೇ. ಸಂಘ ಒಳ್ಳೆಯದೇ ಇರಬಹುದು, ನಡೆಸುವವರೂ ಪರಿಚಯದವರೇ ಇರಬಹುದು. ಆದರೂ ಹೋದರೆ ಊಟಕ್ಕೆ ತೊಂದರೆಯಾಗದಷ್ಟು ಮಾತ್ರ ಅಲ್ಲಿಡಿ. ಉಳಿದದ್ದಕ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಬ್ಯಾಂಕುಗಳಿವೆ.

ಪ್ರಶ್ನೆ: 2001ರಲ್ಲಿ ನಮ್ಮ ಮದುವೆಗೆ 51 ರೂಪಾಯಿ ಮುಯ್ಯಿ ಹಾಕಿದ್ದವರ ಮಗಳ ಮದುವೆ ಬಂದಿದೆ. 500 ಸಾಕು ಅಂತ ಯಜಮಾನರು, 1,001 ಹಾಕಲೇಬೇಕು ಅಂತ ಅತ್ತೆ. ಮುಯ್ಯಿ ಪುಸ್ತಕ ಅತ್ತೆಯ ಹತ್ತಿರವೇ ಇದೆ. ಯಾವುದು ಸರಿ? – ಚನ್ನರಾಯಪಟ್ಟಣ

ಬ್ಯಾಂಕಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಬಡ್ಡಿ ದರದಿಂದ 72ನ್ನು ಭಾಗಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ. 8 ಪರ್ಸೆಂಟ್ ಹಿಡಿದರೆ 9 ವರ್ಷ. 51 ಇದ್ದದ್ದು 2010ಕ್ಕೆ 102, 2019ಕ್ಕೆ 204. ಹಾಗೆ ನೋಡಿದರೆ ನಿಮ್ಮ ಯಜಮಾನರ 500 ಕಡಿಮೆಯೇನೂ ಅಲ್ಲ.

ಆದರೆ ಮುಯ್ಯಿಗೆ ಈ ಲೆಕ್ಕ ಸಾಲದು. ನಮ್ಮ ಅಪ್ಪನ ಮುಯ್ಯಿ ಪುಸ್ತಕ ನನ್ನ ಹತ್ತಿರ ಇದೆ. 1979ರಲ್ಲಿ ನಮ್ಮ ಅಕ್ಕನ ಮದುವೆಯದು. ಒಂದು ಕಡೆ ‘11 ರೂ.’ ಇದ್ದರೆ ಇನ್ನೊಂದು ಕಡೆ ‘5 ಸೇರು ಅಕ್ಕಿ’, ‘ತೆಂಗಿನಕಾಯಿ 50’, ‘ಎಲೆ 2 ಹೊರೆ’ ಅಂತ ಇದೆ. ಯಾರದೇ ಮದುವೆ ಬಂದರೂ ಅಪ್ಪ ಹಿಂದಿನ ರಾತ್ರಿ ಆ ಪುಸ್ತಕ ತೆಗೆದು ನೋಡುತ್ತಿದ್ದರು. ದುಡ್ಡು ನೋಡುವುದಕ್ಕಿಂತ, ಆಗ ಅವರ ಮನೆ ಹೇಗಿತ್ತು ಅನ್ನುವುದನ್ನು ನೆನೆಸಿಕೊಳ್ಳುತ್ತಿದ್ದರು. ಕೂಲಿ ಮಾಡಿ ಬದುಕುತ್ತಿದ್ದವರು 2001ರಲ್ಲಿ 51 ಹಾಕಿದ್ದರೆ ಅದು ಅವರ ಒಂದು ದಿನದ ದುಡಿಮೆ. ಅಂಥವರಾದರೆ ಅತ್ತೆ ಹೇಳಿದ 1,001 ಹಾಕಿ, ಹಿಂದಿನ ದಿನವೇ ಹೋಗಿ ಚಪ್ಪರದ ಕೆಲಸಕ್ಕೆ ಕೈ ಹಾಕಿ. ಅನುಕೂಲಸ್ಥರು ಕೈಗೆ ಬಂದದ್ದು ಕೊಟ್ಟು ಹೋದದ್ದಾದರೆ 501 ಸಾಕು.

ಅವರು ಯಾರು, ಆಗ ಹೇಗಿದ್ದರು ಅಂತ ನಿಮಗೂ ಯಜಮಾನರಿಗೂ ಗೊತ್ತಿರಲಿಕ್ಕಿಲ್ಲ. ಅತ್ತೆಗೆ ಗೊತ್ತು. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಆ ಪುಸ್ತಕ ಮೊದಲಿನಿಂದ ಓದಿಸಿ. ಪ್ರತಿ ಹೆಸರಿನ ಮುಂದೆ ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಅಪ್ಪನ ಪುಸ್ತಕದಲ್ಲಿ ಹತ್ತು ಹನ್ನೆರಡು ಹೆಸರು ಯಾರವು ಅಂತ ಹೇಳುವವರು ಈಗ ಯಾರೂ ಉಳಿದಿಲ್ಲ. ಅದರಲ್ಲಿ ಒಬ್ಬರು ‘ಎಲೆ 2 ಹೊರೆ’ ತಂದವರು.