ಹಣ್ಣು ಒಂದೇ, ಪಾಯಿಂಟ್ 15!

ಪ್ರಶ್ನೆ: ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಮೊಬೈಲ್ ಸಿಕ್ಕರೆ ಗೇಮೇ ಗೇಮು. ಈಗ 'ನಾನೇ ಗೇಮ್ ಮಾಡ್ತೀನಮ್ಮ, ಕೋಡಿಂಗ್ ಕ್ಲಾಸಿಗೆ ಸೇರಿಸು' ಅಂತ ಹಟ ಹಿಡಿದಿದ್ದಾನೆ. ಫೀಸು ಜಾಸ್ತಿ. ನನಗೋ ಕೋಡಿಂಗ್‌ನ ಗಂಧಗಾಳಿ ಗೊತ್ತಿಲ್ಲ. ಇದರಿಂದ ಏನಾದರೂ ಕಲಿಯುತ್ತಾನಾ, ಇಲ್ಲ ಆಟಕ್ಕೆ ಇದೂ ಒಂದು ನೆಪವಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಸದ್ಯಕ್ಕೆ ಫೀಸು ಕಟ್ಟಬೇಡಿ. ಮನೆಯಲ್ಲಿ ಹಳೇದೊಂದು ಲ್ಯಾಪ್‌ಟಾಪ್ ಇದೆಯಾ? ಅದಕ್ಕೆ 'ಸ್ಕ್ರ್ಯಾಚ್' ಹಾಕಿಕೊಡಿ, ಮಕ್ಕಳು ತಾವೇ ಗೇಮ್ ಮಾಡುತ್ತಾ ಕೋಡಿಂಗ್, ಅಂದರೆ ಕಂಪ್ಯೂಟರ್‌ಗೆ ಹಂತಹಂತವಾಗಿ ಕೆಲಸ ಹೇಳುವುದನ್ನು, ಕಲಿಯುವ ಸಾಫ್ಟ್‌ವೇರ್ ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 8ರಿಂದ 16 ವರ್ಷದ ಮಕ್ಕಳಿಗೆಂದೇ ಮಾಡಿದ್ದು, 2007ರಿಂದ ಇದೆ, ಉಚಿತ. ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಟೈಪ್ ಮಾಡುವ ರಗಳೆ ಇಲ್ಲ, ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸುತ್ತಾ ಹೋಗಬೇಕು.

ಮೊದಲ ದಿನವೇ ಅವನಿಗೆ ಬಂದೂಕು, ಹೆಲಿಕಾಪ್ಟರ್ ಎಲ್ಲ ಬೇಕಾಗುತ್ತದೆ. ಒಪ್ಪಬೇಡಿ. ಮೇಲಿಂದ ಮಾವಿನಹಣ್ಣು ಬೀಳಬೇಕು, ಕೆಳಗೆ ಬುಟ್ಟಿ ಹಿಡಿಯಬೇಕು, ಅಷ್ಟೇ. ಹಣ್ಣನ್ನೂ ಬುಟ್ಟಿಯನ್ನೂ ಅವನೇ ಬರೆಯಲಿ.

ಬುಟ್ಟಿ ಬಲಕ್ಕೆ ಹೋಗಲು 10 ಅಂತ ಕೊಟ್ಟರೆ, ಎಡಕ್ಕೆ ಹೋಗಲು ಮೈನಸ್ 10 ಕೊಡಬೇಕು. ಸ್ಕ್ರ್ಯಾಚ್‌ನ ಪರದೆಗೆ ನಟ್ಟನಡುವೆ ಸೊನ್ನೆ, ಎಡತುದಿ ಮೈನಸ್ 240, ಬಲತುದಿ 240. ಶಾಲೆಯಲ್ಲಿ ಮೈನಸ್ ಸಂಖ್ಯೆ ಬರುವ ಮೊದಲೇ ಇವನ ಬುಟ್ಟಿ ಅದರ ಮೇಲೆ ಓಡಾಡಿರುತ್ತದೆ.

ಆಮೇಲೆ ಬರುತ್ತದೆ ಮಜಾ. 'ಹಣ್ಣು ಬುಟ್ಟಿಗೆ ತಾಗಿದರೆ ಸ್ಕೋರ್ 1 ಏರಿಸು' ಅಂತ ಜೋಡಿಸುತ್ತಾನೆ. ಹಣ್ಣು ಒಂದೇ ಬಿದ್ದಿರುತ್ತದೆ, ಸ್ಕೋರ್ ಮಾತ್ರ 15! ನಾನು ಹೇಳಿಕೊಟ್ಟ ಮಕ್ಕಳೆಲ್ಲ ಹೆಚ್ಚುಕಡಿಮೆ ಇಲ್ಲಿ ಮುಗ್ಗರಿಸಿದವರೇ. ಕಂಪ್ಯೂಟರ್ 'ಹಣ್ಣು ತಾಗಿದೆಯಾ?' ಅಂತ ಸೆಕೆಂಡಿಗೆ ಸುಮಾರು 30 ಸಲ ಕೇಳಿಕೊಳ್ಳುತ್ತದೆ. ಹಣ್ಣು ಬುಟ್ಟಿಯನ್ನು ದಾಟಿ ಇಳಿಯುವ ಅರೆ ಸೆಕೆಂಡಿನಲ್ಲಿ ಹದಿನೈದು ಸಲ 'ಹೌದು, ತಾಗಿದೆ' ಅನ್ನುತ್ತದೆ. ತಾಗಿದ ಕೂಡಲೇ ಹಣ್ಣನ್ನು ಮತ್ತೆ ಮೇಲಕ್ಕೆ ಕಳಿಸಿಬಿಟ್ಟರೆ ಸರಿಹೋಯಿತು. ಆದರೆ ಇದನ್ನು ನೀವು ಹೇಳಿಬಿಡಬೇಡಿ! ಹುಡುಕಲಿ. ಒಂದು ದಿನ ಹಿಡಿದರೂ ಪರವಾಗಿಲ್ಲ.

ನಿಮಗೆ ಕೋಡಿಂಗ್ ಗೊತ್ತಿಲ್ಲದಿರುವುದು ಇಲ್ಲಿ ಅನುಕೂಲವೇ, ಗೊತ್ತಿದ್ದವರು ಕೈ ಹಾಕಿ ಸರಿಮಾಡಿಬಿಡುತ್ತಾರೆ. ನೀವು ಸುಮ್ನೆ ಪಕ್ಕದಲ್ಲಿ ಕೂತು 'ನೀನು ಏನಾಗಬೇಕು ಅಂತ ಜೋಡಿಸಿದೆ? ಈಗ ಏನಾಗ್ತಿದೆ?' ಅಂತ ಕೇಳಿ. ಬ್ಲಾಕ್‌ಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿಸಿ. ಎಷ್ಟೋ ಸಲ ಓದುತ್ತಾ ಓದುತ್ತಾ ತಾನೇ 'ಓ!' ಅನ್ನುತ್ತಾನೆ. ಯೂಟ್ಯೂಬ್ ನೋಡಿ ಹಾಗೇ ನಕಲು ಮಾಡಿದರೆ ಈ 'ಓ' ಬರುವುದಿಲ್ಲ, ಅಲ್ವಾ?

ಒಂದೆರಡು ತಿಂಗಳಾದ ಮೇಲೂ ಉತ್ಸಾಹ ಇದ್ದರೆ ಕ್ಲಾಸಿನ ಯೋಚನೆ ಮಾಡಿ. ಸೇರಿಸುವ ಮುಂಚೆ ಅಲ್ಲಿನ ನಾಲ್ಕು ಮಕ್ಕಳು ಮಾಡಿದ ಗೇಮ್ ತೋರಿಸಿ ಅನ್ನಿ. ನಾಲ್ಕೂ ಒಂದೇ ತರಹ ಇದ್ದರೆ ವಾಪಸ್ ಬನ್ನಿ.