ಸೆಪ್ಟೆಂಬರ್ ಕೊನೆಯ ವಿಯೆನ್ನಾ: ಸ್ವೆಟರ್ ಇರಲಿ, ಪಟ್ಟಿ ಬೇಡ

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಮೂರು ವಾರ ಅವಳ ಮನೆಗೆ ಹೋಗುತ್ತಿದ್ದೇವೆ. ತಿಂಗಳ ಕೊನೆಗೆ ನಾಲ್ಕು ದಿನ ವಿಯೆನ್ನಾ ನೋಡುವ ಆಸೆ. ಇಬ್ಬರೂ ಅರವತ್ತು ದಾಟಿದವರು, ಸಸ್ಯಾಹಾರಿಗಳು. ನನಗೆ ಮಂಡಿನೋವು ಬೇರೆ. ಚಳಿ ತಡೆಯೋಕಾಗುತ್ತಾ? ವೀಸಾ ಆಸ್ಟ್ರಿಯಾದ್ದು ಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವೀಸಾ ವಿಷಯ ಮೊದಲು ಮುಗಿಸೋಣ. ಷೆಂಗೆನ್ ವೀಸಾ ಒಂದಿದ್ದರೆ ಎರಡೂ ದೇಶಕ್ಕೆ ಸಾಕು. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮಗೆ ಅದು ಜರ್ಮನಿ. ಆರು ತಿಂಗಳು ಮೊದಲೇ ಹಾಕಬಹುದು, ಕೊನೆ ಗಳಿಗೆವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಮ್ಯೂನಿಕ್‌ನಿಂದ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಆದರೆ ಆಗ ಮ್ಯೂನಿಕ್‌ನಲ್ಲಿ ಬಿಯರ್ ಜಾತ್ರೆ, ಆಕ್ಟೋಬರ್‌ಫೆಸ್ಟ್, ನಡೆಯುತ್ತಿರುತ್ತದೆ. ಹೆಸರು ಅಕ್ಟೋಬರ್‌ದು, ಬಹುಪಾಲು ನಡೆಯುವುದು ಸೆಪ್ಟೆಂಬರ್‌ನಲ್ಲೇ. ಶನಿವಾರ, ಭಾನುವಾರ ರೈಲು ಗಿಜಿಗುಡುತ್ತದೆ. ವಾರದ ಮಧ್ಯೆ ಹೋಗಿ, ಸೀಟು ಕಾದಿರಿಸಿ.

ಚಳಿ ಬಗ್ಗೆ ಹೆದರಬೇಡಿ. ಮಧ್ಯಾಹ್ನ ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು, ಬೆಳಿಗ್ಗೆ 10–12. ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋಗಿದ್ದೀರಲ್ವಾ, ಅಲ್ಲಿನ ಬೆಳಗಿನ ಚಳಿ ನೆನಪಿಸಿಕೊಳ್ಳಿ. ಕಾಡುವುದು ಗಾಳಿ. ದಪ್ಪ ಕೋಟು ಹೊತ್ತು ಹೋಗುವ ಬದಲು ತೆಳು ಸ್ವೆಟರ್, ಅದರ ಮೇಲೆ ಗಾಳಿ–ಮಳೆ ತಡೆಯುವ ಜಾಕೆಟ್ ಸಾಕು. ಕೆಲವು ವರ್ಷ ಆ ಹೊತ್ತಿಗೆ ಒಳ್ಳೆ ಬಿಸಿಲು ಮರಳಿ ಬರುತ್ತದೆ. ಅಲ್ಲಿಯವರು ಅದನ್ನು ‘ಅಜ್ಜಿಯರ ಬೇಸಿಗೆ’ ಅನ್ನುತ್ತಾರೆ. ಗಾಳಿಯಲ್ಲಿ ತೇಲುವ ಜೇಡರ ಎಳೆ ಅಜ್ಜಿಯ ನರೆಗೂದಲ ಹಾಗೆ ಕಾಣುತ್ತದಂತೆ.

ಅದಕ್ಕೇ ಹೇಳುವುದು, ಸೋಮವಾರ ಇದು, ಮಂಗಳವಾರ ಅದು ಅಂತ ಊರಲ್ಲೇ ಪಟ್ಟಿ ಬರೆದುಕೊಂಡು ಹೋಗಬೇಡಿ. ಬೆಳಿಗ್ಗೆ ಕಿಟಕಿ ತೆಗೆದು ನೋಡಿ. ಬಿಸಿಲಿದ್ದರೆ ಹೊರಗೆ, ಮಳೆಯಿದ್ದರೆ ಮ್ಯೂಸಿಯಂ. ಷೋನ್‌ಬ್ರುನ್ ಅರಮನೆಯ ಒಳಗಿನ ಕೋಣೆಗಳಿಗೆ ಮಾತ್ರ ಸಮಯ ನಮೂದಿಸಿದ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳಿ.

ಬಿಸಿಲಿನ ದಿನ ನಾನಾದರೆ ಅರಮನೆ ಬಿಟ್ಟು ದ್ರಾಕ್ಷಿ ತೋಟಕ್ಕೇ ಹೋಗುತ್ತೇನೆ. ರಾಜಧಾನಿಯ ಗಡಿಯೊಳಗೇ ಸುಮಾರು 600 ಹೆಕ್ಟೇರ್ ತೋಟ ಇದೆ, ಸೆಪ್ಟೆಂಬರ್ ಅಂದರೆ ಕೊಯ್ಲು. ಯು4 ಮೆಟ್ರೊದಲ್ಲಿ ಹೈಲಿಗೆನ್‌ಷ್ಟಾಟ್‌ಗೆ ಹೋಗಿ 38ಎ ಬಸ್ ಹಿಡಿಯಿರಿ. 484 ಮೀಟರ್ ಎತ್ತರದ ಕಾಲೆನ್‌ಬೆರ್ಗ್ ಗುಡ್ಡದ ಮೇಲೇ ಇಳಿಸುತ್ತದೆ. ಕೆಳಗೆ ಇಡೀ ಊರು, ಡ್ಯಾನ್ಯೂಬ್ ನದಿ. ಅಲ್ಲಿಂದ ತೋಟಗಳ ನಡುವೆ ನಡೆದು ನುಸ್‌ಡಾರ್ಫ್‌ಗೆ ಇಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನೀವು ಇಳಿಯಬೇಡಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅದೇ ಬಸ್ಸಲ್ಲಿ ವಾಪಸ್ ಬಂದು ಗ್ರಿನ್‌ಜಿಂಗ್‌ನಲ್ಲಿ ಇಳಿಯಿರಿ.

ಬಾಗಿಲ ಮೇಲೆ ಪೈನ್ ಮರದ ಕೊಂಬೆ ಕಟ್ಟಿದ್ದರೆ ಅದು ‘ಹೊಯ್ರಿಗರ್’, ಬೆಳೆಗಾರರೇ ನಡೆಸುವ ವೈನ್ ಮನೆ. ತಮ್ಮ ವೈನ್ ತಾವೇ ಮಾರಬಹುದು ಅಂತ 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕೊಟ್ಟ ಅಪ್ಪಣೆಯಿಂದ ಬಂದ ಪದ್ಧತಿ. ಈ ಕಾಲದಲ್ಲಿ ಸಿಗುವುದು ‘ಶ್ಟುರ್ಮ್’, ಅಂದರೆ ಬಿರುಗಾಳಿ. ಇನ್ನೂ ಹುಳಿಯುತ್ತಿರುವ ದ್ರಾಕ್ಷಿ ರಸ. ನೀರಾ ಹೆಂಡ ಆಗುವ ದಾರಿಯಲ್ಲಿರುತ್ತದಲ್ಲ, ಹಾಗೆ. ಅನಿಲ ಹೊರಗೆ ಹೋಗಲಿ ಅಂತ ಬಾಟಲಿ ಬಿಗಿಯಾಗಿ ಮುಚ್ಚುವುದಿಲ್ಲ. ಇದು ತಿಳಿಯದೆ ನಾನೊಮ್ಮೆ ಬ್ಯಾಗಿನಲ್ಲಿ ಅಡ್ಡ ಮಲಗಿಸಿ ತಂದು, ಇದ್ದ ಒಂದೇ ಸ್ವೆಟರನ್ನು ಹೋಟೆಲ್ ಬಾತ್‌ರೂಮಿನಲ್ಲಿ ಒಗೆದೆ. ಕುಡಿಯದವರು ‘ಟ್ರೌಬೆನ್‌ಸಾಫ್ಟ್’ ಕೇಳಿ, ಬರೀ ದ್ರಾಕ್ಷಿ ರಸ.

ಊಟದಲ್ಲಿ ಒಂದು ಮೋಸ ಇದೆ. ಆಲೂಗಡ್ಡೆ ಸಲಾಡ್ ನೋಡಿ ಸಸ್ಯಾಹಾರ ಅಂದುಕೊಳ್ಳುತ್ತೀರಿ. ವಿಯೆನ್ನಾ ಶೈಲಿಯಲ್ಲಿ ಅದಕ್ಕೆ ದನದ ಮಾಂಸದ ಸಾರು, ‘ರಿಂಡ್‌ಸುಪ್ಪೆ’, ಸೇರಿಸುವುದುಂಟು. ಸೂಪಿನದೂ ಇದೇ ಕತೆ. ‘ರಿಂಡ್‌ಸುಪ್ಪೆ ಇದೆಯಾ’ ಅಂತ ಕೇಳಿಯೇ ತಿನ್ನಿ. ಕುಂಬಳಕಾಯಿ ಸೂಪು ಈ ಋತುವಿನದು, ಅದಕ್ಕೂ ಇದೇ ಪ್ರಶ್ನೆ. ಬ್ರೆಡ್ಡಿಗೆ ಸವರುವ ಲಿಪ್ಟಾವರ್ ಚೀಸ್ ಚೆನ್ನಾಗಿರುತ್ತದೆ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು. ಮೊದಲ ಕೊಳವೆ ಮಾರ್ಗ ಶುರುವಾದದ್ದು 1873ರಲ್ಲಿ. ಭಾನುವಾರ ಅಂಗಡಿಗಳು ಬಂದ್, ಏನಾದರೂ ಬೇಕಾದರೆ ದೊಡ್ಡ ರೈಲು ನಿಲ್ದಾಣಕ್ಕೇ ಹೋಗಬೇಕು.

ಮಳೆ ಬಂದರೆ ಕಲಾ ಇತಿಹಾಸ ಮ್ಯೂಸಿಯಂ, ಆದರೆ ಸೋಮವಾರ ರಜೆ. ಅಲ್ಲಿ ಬ್ರೂಗಲ್ 1565ರಲ್ಲಿ ಬರೆದ ಚಿತ್ರವೊಂದಿದೆ. ದನಗಳು ನಮಗೆ ಬೆನ್ನು ಹಾಕಿ ಬೆಟ್ಟದಿಂದ ಊರಿಗೆ ಮರಳುತ್ತಿವೆ, ಆಕಾಶ ಕಪ್ಪಾಗುತ್ತಿದೆ. ಅದರ ಮುಂದೆ ಸುಮ್ನೆ ಹತ್ತು ನಿಮಿಷ ಕೂತುಬಿಡಿ. ಸ್ಟೆಫಾನ್ಸ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಉತ್ತರದ್ದಕ್ಕೆ ಲಿಫ್ಟು. ಯಾವುದು ಅಂತ ನಾನು ಹೇಳಬೇಕಿಲ್ಲ.

ಇನ್ನೊಂದು. ಪ್ರಾಟರ್ ಉದ್ಯಾನದ ಉದ್ದನೆ ಸಾಲುಮರದ ದಾರಿಯಲ್ಲಿ ಹೊಳೆಯುವ ಕಂದು ಕಾಯಿ ಬಿದ್ದಿರುತ್ತವೆ. ಆರಿಸಿಕೊಳ್ಳಿ, ಬಾಯಿಗೆ ಹಾಕಬೇಡಿ. ಅದು ಕುದುರೆ ಚೆಸ್ಟ್‌ನಟ್, ವಿಷ. ತಿನ್ನುವ ಜಾತಿಯನ್ನು ಬೀದಿ ಬದಿ ಕೆಂಡದ ಮೇಲೆ ಹುರಿದು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಆ ಗಾಡಿಗಳು ಹೆಚ್ಚಾಗಿ ಬರುವುದು ಅಕ್ಟೋಬರ್‌ಗೆ. ನಿಮ್ಮ ನಾಲ್ಕು ದಿನವನ್ನು ಒಂದು ವಾರ ಮುಂದೆ ಹಾಕಿದರೆ ಸಿಕ್ಕೇ ಸಿಗುತ್ತದೆ.